ಹೊಡೆತದ ಬಲ ಎಲ್ಲಿಂದ ಬರುತ್ತದೆ? ಟೇಕ್ವಾಂಡೋ ತರಬೇತಿಗೆ ಅರ್ಜಿ ಸಲ್ಲಿಸುವವರಿಗೆ ಮಾಹಿತಿ

ಪೀಠಿಕೆ

ಆತ್ಮರಕ್ಷಣೆ ಹಾಗೂ ಕ್ರೀಡೆಯ ಉದ್ದೇಶದಿಂದ ಟೇಕ್ವಾಂಡೋ ಮುಂತಾದ ಕೊರಿಯಾ ಮೂಲದ ಸಮರಕಲೆಗಳನ್ನು ಕಲಿಯಲು ಬೆಂಗಳೂರಿನ ಹಳೆಯ ಬಡಾವಣೆಗಳ ಅನೇಕ ಮಕ್ಕಳು, ಯುವತಿಯರು ಮತ್ತು ಗೃಹಿಣಿಯರು ಆಸಕ್ತಿ ತೋರುತ್ತಾರೆ. ಶ್ರೀರಾಂಪುರ, ಮಲ್ಲೇಶ್ವರ, ಚಾಮರಾಜಪೇಟೆಯಂತಹ ಪ್ರದೇಶಗಳ ಪೋಷಕರಲ್ಲಿ ಸಾಮಾನ್ಯವಾಗಿ ಎರಡು ಸಂದೇಹಗಳಿರುತ್ತವೆ. ದೇಹದಲ್ಲಿ ಹೆಚ್ಚು ಕಸುವಿಲ್ಲದ ಮಗುವಿಗೆ ಈ ವಿದ್ಯೆ ಒಗ್ಗುವುದೇ ಎಂಬುದು ಮೊದಲನೆಯದು. ಅಭ್ಯಾಸದಲ್ಲಿ ಕೈಕಾಲುಗಳಿಗೆ ಪೆಟ್ಟಾಗುವುದಿಲ್ಲವೇ ಎಂಬುದು ಎರಡನೆಯದು.

ಈ ಎರಡು ಸಂದೇಹಗಳಿಗೂ ಉತ್ತರವಿರುವುದು ಒಂದೇ ವಿಷಯದಲ್ಲಿ: ಹೊಡೆತದ ಬಲವು ದೇಹದಲ್ಲಿ ಹೇಗೆ ಉಂಟಾಗುತ್ತದೆ ಎಂಬುದರಲ್ಲಿ. ಬಲವು ತೋಳಿನಲ್ಲಿ ಮಾತ್ರ ಹುಟ್ಟುವುದಿಲ್ಲ. ಅದು ಪಾದವು ನೆಲವನ್ನು ಒತ್ತುವಲ್ಲಿ ಆರಂಭವಾಗಿ, ಸೊಂಟ ಮತ್ತು ಮುಂಡದ ಮೂಲಕ ಸಾಗಿ, ಕೊನೆಯಲ್ಲಿ ಮುಷ್ಟಿಯನ್ನೋ ಪಾದವನ್ನೋ ತಲುಪುತ್ತದೆ. ಈ ಕ್ರಮವನ್ನು ಸರಿಯಾಗಿ ಕಲಿತವರಿಗೆ ಹೊಡೆತವೂ ಬಲವಾಗಿರುತ್ತದೆ, ಕೀಲುಗಳೂ ಸುರಕ್ಷಿತವಾಗಿರುತ್ತವೆ. ತರಬೇತಿಗೆ ಸೇರುವ ಮುನ್ನ ಅರ್ಜಿದಾರರು ಮತ್ತು ಪೋಷಕರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಟೇಕ್ವಾಂಡೋ: ಸಂಕ್ಷಿಪ್ತ ಪರಿಚಯ

'ಟೇ' ಎಂದರೆ ಪಾದದಿಂದ ಒದೆಯುವುದು, 'ಕ್ವಾನ್' ಎಂದರೆ ಮುಷ್ಟಿ, 'ಡೋ' ಎಂದರೆ ಮಾರ್ಗ. ಕೊರಿಯಾದಲ್ಲಿ 1955ರಲ್ಲಿ ಈ ಹೆಸರು ಬಳಕೆಗೆ ಬಂದಿತು. ಅಂತರರಾಷ್ಟ್ರೀಯ ಟೇಕ್ವಾಂಡೋ ಫೆಡರೇಷನ್ 1966ರಲ್ಲಿಯೂ ವಿಶ್ವ ಟೇಕ್ವಾಂಡೋ ಫೆಡರೇಷನ್ 1973ರಲ್ಲಿಯೂ ಸ್ಥಾಪನೆಯಾದವು. ಎರಡನೆಯ ಸಂಸ್ಥೆಯು 2017ರಿಂದ 'ವಿಶ್ವ ಟೇಕ್ವಾಂಡೋ' ಎಂಬ ಹೆಸರಿನಲ್ಲಿ ಕಾರ್ಯನಿರ್ವಹಿಸುತ್ತಿದೆ. 1988ರ ಸೋಲ್ ಮತ್ತು 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗಳಲ್ಲಿ ಪ್ರದರ್ಶನ ಕ್ರೀಡೆಯಾಗಿದ್ದ ಟೇಕ್ವಾಂಡೋ 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಪದಕದ ಕ್ರೀಡೆಯಾಯಿತು. ಭಾರತದಲ್ಲಿ ಇದರ ಪ್ರಸಾರ 1970ರ ದಶಕದಲ್ಲಿ ಆರಂಭವಾಯಿತು.

ದೇಹಬಲವನ್ನು ಕ್ರಮಬದ್ಧವಾಗಿ ಬೆಳೆಸುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಗರಡಿ ಮನೆಗಳಲ್ಲಿ ದಂಡ, ಬಸ್ಕಿ, ಗದೆ ತಿರುಗಿಸುವುದು ಮುಂತಾದ ಸಾಮುಗಳ ಮೂಲಕ ಕಾಲು, ಸೊಂಟ ಮತ್ತು ಬೆನ್ನುಗಳನ್ನು ಒಟ್ಟಾಗಿ ದುಡಿಸುವುದನ್ನು ಕಲಿಸಲಾಗುತ್ತದೆ. ಮೈಸೂರು ದಸರಾದಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವು ಮುಷ್ಟಿ ಪ್ರಹಾರದ ಪರಂಪರೆಗೆ ಸಾಕ್ಷಿಯಾಗಿದೆ. ಮೈಸೂರಿನ ಅರಸ ರಣಧೀರ ಕಂಠೀರವ ನರಸರಾಜ ಒಡೆಯರು ಮಲ್ಲಯುದ್ಧದಲ್ಲಿ ಪ್ರಸಿದ್ಧರಾಗಿದ್ದರು. ಗರಡಿಯ ಸಾಮನ್ನು ನೋಡಿ ಬೆಳೆದವರಿಗೆ ಟೇಕ್ವಾಂಡೋದ ಬಲತತ್ತ್ವವು ಅಪರಿಚಿತವೆನಿಸುವುದಿಲ್ಲ.

ಬಲದ ಲೆಕ್ಕಾಚಾರ

ಪ್ರೌಢಶಾಲೆಯ ವಿಜ್ಞಾನ ಪಠ್ಯದಲ್ಲಿ ಬರುವ ಸೂತ್ರದಂತೆ ಚಲಿಸುವ ವಸ್ತುವಿನ ಚಲನಶಕ್ತಿಯು ಅದರ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ, ಬಂದುದನ್ನು ಅರ್ಧ ಮಾಡಿದಷ್ಟಿರುತ್ತದೆ. ವಿಷಯವನ್ನು ತಿಳಿಯಪಡಿಸುವ ಸಲುವಾಗಿ ಕೆಲವು ಮಾದರಿ ಅಂಕಿಗಳನ್ನು ಪರಿಶೀಲಿಸಬಹುದು.

1. ತೋಳನ್ನು ಮಾತ್ರ ಬಳಸಿದಾಗ ಹೊಡೆತದ ಹಿಂದೆ 2 ಕಿಲೋಗ್ರಾಂ ದ್ರವ್ಯರಾಶಿ, ಸೆಕೆಂಡಿಗೆ 6 ಮೀಟರ್ ವೇಗ ಇದೆ ಎಂದು ಭಾವಿಸಿದರೆ ಚಲನಶಕ್ತಿ 36 ಜೌಲ್.

2. ವೇಗ ಅಷ್ಟೇ ಇದ್ದು, ಸೊಂಟ ಮತ್ತು ಭುಜ ಜೊತೆಗೂಡಿದ್ದರಿಂದ ದ್ರವ್ಯರಾಶಿ 4 ಕಿಲೋಗ್ರಾಂ ಆದರೆ ಚಲನಶಕ್ತಿ 72 ಜೌಲ್.

3. ದ್ರವ್ಯರಾಶಿ 2 ಕಿಲೋಗ್ರಾಂ ಇದ್ದು, ವೇಗ ಸೆಕೆಂಡಿಗೆ 9 ಮೀಟರ್ ಆದರೆ ಚಲನಶಕ್ತಿ 81 ಜೌಲ್.

4. ಎರಡೂ ಹೆಚ್ಚಿದರೆ, ಅಂದರೆ 4 ಕಿಲೋಗ್ರಾಂ ಮತ್ತು ಸೆಕೆಂಡಿಗೆ 9 ಮೀಟರ್ ಆದರೆ, ಚಲನಶಕ್ತಿ 162 ಜೌಲ್.

ವ್ಯಕ್ತಿಯ ದೇಹತೂಕದಲ್ಲಿ ಯಾವ ಬದಲಾವಣೆಯೂ ಆಗದೆ ಹೊಡೆತದ ಶಕ್ತಿ ನಾಲ್ಕೂವರೆ ಪಟ್ಟು ಹೆಚ್ಚಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ವೇಗವನ್ನು ಒಂದೂವರೆ ಪಟ್ಟು ಹೆಚ್ಚಿಸುವುದು ದ್ರವ್ಯರಾಶಿಯನ್ನು ಎರಡು ಪಟ್ಟು ಮಾಡುವುದಕ್ಕಿಂತಲೂ ಹೆಚ್ಚಿನ ಫಲ ನೀಡಿರುವುದನ್ನು ಗಮನಿಸಬಹುದು. ಆದ್ದರಿಂದಲೇ ಉತ್ತಮ ತರಬೇತುದಾರರು ಹೊಸಬರಿಗೆ 'ಜೋರಾಗಿ ಹೊಡೆ' ಎನ್ನುವ ಬದಲು 'ಭುಜ ಸಡಿಲಿಸು' ಎನ್ನುತ್ತಾರೆ. ಬಿಗಿದ ತೋಳಿನಲ್ಲಿ ಎದುರುಬದುರಾದ ಸ್ನಾಯುಗಳು ಒಂದನ್ನೊಂದು ಹಿಡಿದೆಳೆಯುವುದರಿಂದ ವೇಗ ಕುಂಠಿತವಾಗುತ್ತದೆ.

ಹೊಡೆತ ತಗಲುವ ಕಾಲಾವಧಿಯೂ ಮುಖ್ಯವಾದುದು. ಮೇಲಿನ ಮೊದಲನೆಯ ಉದಾಹರಣೆಯ ಮುಷ್ಟಿಯು ಸೆಕೆಂಡಿನ ನೂರರಲ್ಲಿ ಒಂದು ಭಾಗದಷ್ಟು ಸಮಯದಲ್ಲಿ ನಿಂತರೆ ಸರಾಸರಿ ಬಲ 1200 ನ್ಯೂಟನ್ ಆಗುತ್ತದೆ. ಅದೇ ಮುಷ್ಟಿ ಐದು ಪಟ್ಟು ಹೆಚ್ಚು ಸಮಯ ತೆಗೆದುಕೊಂಡು ನಿಂತರೆ ಬಲ 240 ನ್ಯೂಟನ್‌ಗೆ ಇಳಿಯುತ್ತದೆ. ತರಬೇತಿಯಲ್ಲಿ ಬಳಸುವ ಮೆತ್ತನೆಯ ಪ್ಯಾಡ್ ಮತ್ತು ಎದೆಕವಚಗಳು ರಕ್ಷಣೆ ನೀಡುವುದು ಈ ಕಾರಣದಿಂದಲೇ.

ಬಲವು ಎಷ್ಟು ಜಾಗದ ಮೇಲೆ ಬೀಳುತ್ತದೆ ಎಂಬುದರಿಂದಲೂ ಪರಿಣಾಮ ಬದಲಾಗುತ್ತದೆ. 1200 ನ್ಯೂಟನ್ ಬಲವು 60 ಚದರ ಸೆಂಟಿಮೀಟರ್ ಜಾಗದ ಮೇಲೆ ಬಿದ್ದರೆ ಪ್ರತಿ ಚದರ ಸೆಂಟಿಮೀಟರ್‌ಗೆ 20 ನ್ಯೂಟನ್. 6 ಚದರ ಸೆಂಟಿಮೀಟರ್ ಮೇಲೆ ಬಿದ್ದರೆ 200 ನ್ಯೂಟನ್. ಮುಷ್ಟಿಯ ಮೊದಲೆರಡು ಗಿಣ್ಣುಗಳು, ಪಾದದ ಅಂಚು, ಹಿಮ್ಮಡಿ ಮುಂತಾದ ಸಣ್ಣ ಹಾಗೂ ಗಟ್ಟಿಯಾದ ಭಾಗಗಳನ್ನು ಟೇಕ್ವಾಂಡೋದಲ್ಲಿ ಹೊಡೆಯಲು ಬಳಸುವುದಕ್ಕೆ ಇದೇ ಕಾರಣ.

ನೆಲದಿಂದ ಮುಷ್ಟಿಯವರೆಗೆ

ನ್ಯೂಟನ್ನನ ಮೂರನೆಯ ನಿಯಮದ ಪ್ರಕಾರ ಪಾದವು ನೆಲವನ್ನು ಹಿಂದಕ್ಕೆ ಒತ್ತಿದಷ್ಟೇ ಬಲದಿಂದ ನೆಲವು ದೇಹವನ್ನು ಮುಂದಕ್ಕೆ ಒತ್ತುತ್ತದೆ. ನಯವಾದ ಒದ್ದೆ ನೆಲದ ಮೇಲೆ ನಿಂತು ಭಾರವಾದ ಬೀರುವನ್ನು ತಳ್ಳಲು ಪ್ರಯತ್ನಿಸಿದವರಿಗೆ, ಕಾಲಿಗೆ ಆಧಾರವಿಲ್ಲದಿದ್ದರೆ ತೋಳಿನ ಬಲ ವ್ಯರ್ಥವೆಂಬುದು ತಿಳಿದಿರುತ್ತದೆ. ಟೇಕ್ವಾಂಡೋ ಕಲಿಕೆಯು ನಿಲುವಿನಿಂದಲೇ ಆರಂಭವಾಗುವುದಕ್ಕೆ ಇದು ಕಾರಣ. ಮುಷ್ಟಿ ಪ್ರಹಾರದಲ್ಲಿ, ಅಂದರೆ 'ಜಿರುಗಿ'ಯಲ್ಲಿ, ಚಲನೆಯು ಈ ಕೆಳಕಂಡ ಕ್ರಮದಲ್ಲಿ ಸಾಗುತ್ತದೆ.

1. ಹಿಂದಿನ ಪಾದವು ನೆಲವನ್ನು ಒತ್ತುತ್ತದೆ. ಮೊಣಕಾಲು ನೆಟ್ಟಗಾಗುತ್ತಾ ಸೊಂಟವನ್ನು ಮುಂದಕ್ಕೆ ತಳ್ಳುತ್ತದೆ.

2. ಸೊಂಟವು ಗುರಿಯ ಕಡೆಗೆ ತಿರುಗುತ್ತದೆ. ದೇಹದ ಅತಿ ದೊಡ್ಡ ಸ್ನಾಯುಗಳು ತೊಡೆ ಮತ್ತು ಪೃಷ್ಠದಲ್ಲಿರುವುದರಿಂದ ಬಲದ ಬಹುಪಾಲು ಇಲ್ಲಿಯೇ ಒದಗುತ್ತದೆ.

3. ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು ಸೊಂಟದ ತಿರುಗುವಿಕೆಯನ್ನು ಭುಜಕ್ಕೆ ದಾಟಿಸುತ್ತವೆ.

4. ಭುಜದ ಹಿಂದೆಯೇ ಮೊಣಕೈ, ಮೊಣಕೈಯ ಹಿಂದೆಯೇ ಮುಷ್ಟಿ ಹೊರಡುತ್ತದೆ. ಮುಷ್ಟಿಯು ಕೊನೆಯ ಕ್ಷಣದಲ್ಲಿ ತಿರುಗಿ ಬಿಗಿಯಾಗುತ್ತದೆ.

ಮಕ್ಕಳು ಬುಗುರಿ ಆಡುವಾಗ ಚಾಟಿಯನ್ನು ಎಳೆಯುವ ಬಗೆಯನ್ನು ಇಲ್ಲಿ ನೆನೆಯಬಹುದು. ತೋಳು ಮೊದಲು ಹೊರಡುತ್ತದೆ, ಮಣಿಕಟ್ಟು ಅದನ್ನು ಹಿಂಬಾಲಿಸುತ್ತದೆ, ಚಾಟಿಯ ತುದಿ ಎಲ್ಲಕ್ಕಿಂತ ವೇಗವಾಗಿ ಬಿಚ್ಚಿಕೊಳ್ಳುತ್ತದೆ. ಎಲ್ಲ ಭಾಗಗಳೂ ಒಮ್ಮೆಗೇ ಹೊರಟರೆ ಬುಗುರಿ ತಿರುಗುವುದಿಲ್ಲ. ಹೊಡೆತದಲ್ಲಿಯೂ ಹೀಗೆಯೇ: ಪ್ರತಿಯೊಂದು ಭಾಗವೂ ಹಿಂದಿನ ಭಾಗ ವೇಗ ಪಡೆದ ನಂತರ ಹೊರಡಬೇಕು.

ಆರಂಭಿಕ ಅಭ್ಯಾಸದಲ್ಲಿ ಒಂದು ಕೈ ಹೊಡೆಯುವಾಗ ಇನ್ನೊಂದು ಕೈಯನ್ನು ಸೊಂಟದ ಬಳಿಗೆ ಎಳೆದುಕೊಳ್ಳುವುದನ್ನು ಕಲಿಸಲಾಗುತ್ತದೆ. ಮುಂಡವನ್ನು ತಿರುಗಿಸುವ ಅಭ್ಯಾಸಕ್ಕೆ ಇದು ಸಹಕಾರಿ. ಆದರೆ ಎದುರಾಳಿಯ ಮುಂದೆ ಕೈ ಸೊಂಟದಲ್ಲಿದ್ದರೆ ಮುಖಕ್ಕೆ ರಕ್ಷಣೆ ಇರುವುದಿಲ್ಲವಾದ್ದರಿಂದ, ಸ್ಪರ್ಧೆಯಲ್ಲಿ ಮತ್ತು ಆತ್ಮರಕ್ಷಣೆಯಲ್ಲಿ ಆ ಕೈಯನ್ನು ಮೇಲೆಯೇ ಇರಿಸಲಾಗುತ್ತದೆ. ಈ ವ್ಯತ್ಯಾಸವನ್ನು ಕಲಿಕೆಯ ಆರಂಭದಲ್ಲಿಯೇ ತಿಳಿಸಿಕೊಡುವುದು ಉತ್ತಮ ತರಬೇತಿಯ ಲಕ್ಷಣವಾಗಿದೆ.

ಒದೆತದ ವಿಧಾನ

ಟೇಕ್ವಾಂಡೋದಲ್ಲಿ ಒದೆತಕ್ಕೆ ಪ್ರಾಧಾನ್ಯವಿದೆ. ಕಾಲು ತೋಳಿಗಿಂತ ಉದ್ದವೂ ಭಾರವೂ ಆಗಿರುವುದು ಇದಕ್ಕೆ ಕಾರಣ. ವಿಶ್ವ ಟೇಕ್ವಾಂಡೋ ನಿಯಮಾವಳಿಯಲ್ಲಿ ಎದೆಕವಚದ ಮೇಲಿನ ಮುಷ್ಟಿ ಪ್ರಹಾರಕ್ಕೆ 1 ಅಂಕ, ಎದೆಕವಚಕ್ಕೆ ತಗಲುವ ಒದೆತಕ್ಕೆ 2, ತಲೆಗೆ ತಗಲುವ ಒದೆತಕ್ಕೆ 3 ಅಂಕಗಳನ್ನು ನಿಗದಿಪಡಿಸಲಾಗಿದೆ. ದೇಹವನ್ನು ತಿರುಗಿಸಿ ಒದ್ದಲ್ಲಿ ಹೆಚ್ಚುವರಿ ಅಂಕಗಳಿವೆ. 2012ರ ಲಂಡನ್ ಒಲಿಂಪಿಕ್ಸ್‌ನಿಂದ ಎಲೆಕ್ಟ್ರಾನಿಕ್ ಎದೆಕವಚವನ್ನು ಬಳಸಲಾಗುತ್ತಿದ್ದು, ನಿಗದಿತ ಪ್ರಮಾಣಕ್ಕಿಂತ ಕಡಿಮೆ ಬಲದ ಒದೆತಕ್ಕೆ ಅಂಕ ದೊರೆಯುವುದಿಲ್ಲ.

ಹೆಚ್ಚಾಗಿ ಬಳಕೆಯಲ್ಲಿರುವ ಸುತ್ತು ಒದೆತದಲ್ಲಿ, ಅಂದರೆ ರೌಂಡ್ ಕಿಕ್‌ನಲ್ಲಿ, ಮೂರು ಹಂತಗಳಿವೆ. ಮೊದಲು ಮೊಣಕಾಲನ್ನು ಮಡಿಸಿ ಮೇಲೆತ್ತಬೇಕು. ಮಡಿಸಿದ ಕಾಲು ಸೊಂಟಕ್ಕೆ ಹತ್ತಿರವಿರುವುದರಿಂದ ಅದನ್ನು ತಿರುಗಿಸುವುದು ಸುಲಭ. ನಂತರ ಆಧಾರದ ಪಾದವು ಮುಂಗಾಲಿನ ಮೇಲೆ ತಿರುಗಿ, ಹಿಮ್ಮಡಿಯು ಗುರಿಯ ಕಡೆಗೆ ಬರಬೇಕು. ಅದರೊಂದಿಗೆ ಸೊಂಟವೂ ತಿರುಗುತ್ತದೆ. ಕೊನೆಯಲ್ಲಿ ತೊಡೆಯ ವೇಗ ಕುಗ್ಗುತ್ತಿದ್ದಂತೆ ಮೊಣಕಾಲಿನ ಕೆಳಭಾಗವು ಚಾಟಿಯಂತೆ ಬಿಚ್ಚಿಕೊಂಡು ಪಾದದ ಮೇಲ್ಭಾಗವು ಗುರಿಗೆ ತಗಲುತ್ತದೆ. ಒದ್ದ ಕಾಲನ್ನು ತಕ್ಷಣ ಮಡಿಸಿ ಹಿಂದಕ್ಕೆ ತರುವುದು ಸಮತೋಲನಕ್ಕೆ ಅವಶ್ಯಕ.

ಈ ಪೈಕಿ ಎರಡನೆಯ ಹಂತಕ್ಕೆ ವಿಶೇಷ ಗಮನ ನೀಡತಕ್ಕದ್ದು. ಆಧಾರದ ಪಾದ ತಿರುಗದೆ ನೆಲಕ್ಕೆ ಅಂಟಿಕೊಂಡಿದ್ದು ಸೊಂಟ ಮಾತ್ರ ತಿರುಗಿದರೆ ಅವೆರಡರ ನಡುವಿನ ಮೊಣಕಾಲು ತಿರುಚಿಕೊಳ್ಳುತ್ತದೆ. ಮೊಣಕಾಲಿನ ಅಸ್ಥಿರಜ್ಜುಗಳಿಗೆ ಆಗುವ ಇಂತಹ ಪೆಟ್ಟು ಗುಣವಾಗಲು ತಿಂಗಳುಗಟ್ಟಲೆ ಬೇಕಾಗಬಹುದು. ಬಲ ಹೆಚ್ಚಿಸುವ ಕ್ರಮವೇ ಕೀಲನ್ನು ಕಾಪಾಡುವ ಕ್ರಮವೂ ಹೌದೆಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಉಸಿರು ಮತ್ತು 'ಕಿಹಾಪ್'

ಶ್ರೀರಾಂಪುರಕ್ಕೆ ಹೊಂದಿಕೊಂಡಿರುವ ಮಲ್ಲೇಶ್ವರದ ದೋಬಿ ಘಾಟ್‌ನಂತಹ ಸ್ಥಳಗಳಲ್ಲಿ ಕಲ್ಲಿಗೆ ಬಟ್ಟೆ ಬಡಿಯುವವರು ಪ್ರತಿ ಬಡಿತಕ್ಕೂ 'ಹುಷ್' ಎಂದು ಉಸಿರು ಬಿಡುವುದುಂಟು. ಒನಕೆಯಿಂದ ಕುಟ್ಟುವವರ ಅಭ್ಯಾಸವೂ ಇದೇ. ಟೇಕ್ವಾಂಡೋದಲ್ಲಿ ಹೊಡೆತದೊಂದಿಗೆ ಕೂಗುವ ಕ್ರಮಕ್ಕೆ 'ಕಿಹಾಪ್' ಎನ್ನುತ್ತಾರೆ. ಹೊಡೆತ ತಗಲುವ ಕ್ಷಣದಲ್ಲಿ ರಭಸವಾಗಿ ಉಸಿರು ಬಿಟ್ಟಾಗ ಹೊಟ್ಟೆಯ ಸ್ನಾಯುಗಳು ಬಿಗಿದು, ಮುಂಡವು ಗಟ್ಟಿಯಾಗಿ, ಕಾಲಿನಿಂದ ಬಂದ ಬಲ ನಡುವೆ ಸೋರಿಹೋಗದೆ ಮುಂದಕ್ಕೆ ಸಾಗುತ್ತದೆ. ಉಸಿರು ಬಿಗಿಹಿಡಿದು ಹೊಡೆಯುವುದರಿಂದ ರಕ್ತದೊತ್ತಡ ಏರುತ್ತದೆ. ಆದ್ದರಿಂದ ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ವೈದ್ಯರ ಸಲಹೆ ಪಡೆದ ನಂತರವೇ ತರಬೇತಿಗೆ ಸೇರತಕ್ಕದ್ದು.

ಅಂತರರಾಷ್ಟ್ರೀಯ ಟೇಕ್ವಾಂಡೋ ಫೆಡರೇಷನ್‌ನ ಸ್ಥಾಪಕ ಜನರಲ್ ಚೋಯ್ ಹಾಂಗ್ ಹೀ ಅವರು ಹೊಡೆತದ ಬಲಕ್ಕೆ ಆರು ಅಂಶಗಳನ್ನು ಹೇಳಿದ್ದಾರೆ: ಪ್ರತಿಕ್ರಿಯಾ ಬಲ, ಏಕಾಗ್ರೀಕರಣ, ಸಮತೋಲನ, ಉಸಿರಾಟದ ನಿಯಂತ್ರಣ, ದ್ರವ್ಯರಾಶಿ ಮತ್ತು ವೇಗ. ಮೇಲೆ ವಿವರಿಸಿದ ವಿಷಯಗಳೆಲ್ಲವೂ ಈ ಆರರಲ್ಲಿ ಅಡಕವಾಗಿವೆ.

ಸಾಮಾನ್ಯ ಗಾಯಗಳು ಮತ್ತು ಮುನ್ನೆಚ್ಚರಿಕೆ

ಮುಷ್ಟಿಯು ಗುರಿಗೆ ಎಷ್ಟು ಬಲ ನೀಡುತ್ತದೆಯೋ ಅಷ್ಟೇ ಬಲ ಮುಷ್ಟಿಗೂ ಹಿಂದಿರುಗುತ್ತದೆ. ಈ ಕಾರಣ ಈ ಕೆಳಕಂಡ ಮುನ್ನೆಚ್ಚರಿಕೆಗಳನ್ನು ಪಾಲಿಸಬೇಕು.

1. ತೋರುಬೆರಳು ಮತ್ತು ನಡುಬೆರಳಿನ ಗಿಣ್ಣುಗಳು ಮುಂದೋಳಿನ ನೇರಕ್ಕೆ ಇರಬೇಕು, ಮಣಿಕಟ್ಟು ಬಾಗಬಾರದು. ಕಿರುಬೆರಳಿನ ಬದಿಯಿಂದ ಹೊಡೆದಲ್ಲಿ ಆ ಬೆರಳಿನ ಬುಡದ ಅಂಗೈ ಮೂಳೆ ಮುರಿಯುವ ಸಂಭವವಿದೆ. ಹೆಬ್ಬೆರಳನ್ನು ಮುಷ್ಟಿಯ ಒಳಗೆ ಮಡಿಸಬಾರದು.

2. ಬೆಳೆಯುವ ವಯಸ್ಸಿನ ಮಕ್ಕಳ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಮೃದು ಪದರ ಇರುತ್ತದೆ. ಮಕ್ಕಳಿಂದ ಇಟ್ಟಿಗೆ, ಹೆಂಚು ಒಡೆಸುವುದು ಅಥವಾ ಗೋಡೆಗೆ ಗುದ್ದಿಸುವುದು ಸಲ್ಲದು.

3. ಅಭ್ಯಾಸಕ್ಕೆ ಮುನ್ನ 10ರಿಂದ 15 ನಿಮಿಷ ಮೈ ಬೆಚ್ಚಗಾಗುವ ವ್ಯಾಯಾಮ ಮಾಡಬೇಕು.

4. ಎದುರುಬದುರು ಅಭ್ಯಾಸದಲ್ಲಿ ತಲೆಕವಚ, ಎದೆಕವಚ ಮತ್ತು ಹಲ್ಲಿನ ರಕ್ಷಾಕವಚ ಧರಿಸಬೇಕು. ತಲೆಕವಚವು ಮಿದುಳಿನ ಅಲುಗಾಟವನ್ನು ಪೂರ್ಣವಾಗಿ ತಡೆಯುವುದಿಲ್ಲ. ತಲೆಗೆ ಪೆಟ್ಟು ಬಿದ್ದ ನಂತರ ತಲೆಸುತ್ತು, ವಾಂತಿ, ಮರೆವು ಅಥವಾ ಗೊಂದಲ ಕಂಡುಬಂದಲ್ಲಿ ಅಭ್ಯಾಸವನ್ನು ತಕ್ಷಣ ನಿಲ್ಲಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಶ್ರೀರಾಂಪುರದಂತಹ ಬಡಾವಣೆಗಳಲ್ಲಿ ಮನೆಗಳು ಒತ್ತೊತ್ತಾಗಿದ್ದು, ಅಡ್ಡರಸ್ತೆಗಳು ಕಿರಿದಾಗಿರುವುದರಿಂದ ಮಕ್ಕಳು ತಾರಸಿಯ ಮೇಲೆ ಅಭ್ಯಾಸ ಮಾಡುವುದು ಸಾಮಾನ್ಯ. ಒರಟು ಸಿಮೆಂಟ್ ನೆಲದಲ್ಲಿ ಬರಿಗಾಲು ಸುಲಭವಾಗಿ ತಿರುಗುವುದಿಲ್ಲ. ಮೇಲೆ ಹೇಳಿದ ಮೊಣಕಾಲಿನ ಪೆಟ್ಟಿಗೆ ಇದು ಆಸ್ಪದವಾಗುತ್ತದೆ. ತಾರಸಿಯಲ್ಲಿ ಮುಷ್ಟಿ ಪ್ರಹಾರ, ನಿಲುವು ಮತ್ತು ನಿಧಾನಗತಿಯ ಒದೆತಗಳನ್ನು ಮಾತ್ರ ಅಭ್ಯಾಸ ಮಾಡಿ, ಸುತ್ತು ಒದೆತಗಳನ್ನು ಮ್ಯಾಟ್ ಹಾಸಿದ ಸ್ಥಳಕ್ಕೆ ಮೀಸಲಿಡುವುದು ಸೂಕ್ತ. ಕೈಪಿಡಿ ಗೋಡೆ ತಗ್ಗಾಗಿರುವ ತಾರಸಿಯಲ್ಲಿ ಯಾವುದೇ ಒದೆತದ ಅಭ್ಯಾಸ ಮಾಡಕೂಡದು.

ಆತ್ಮರಕ್ಷಣೆ ಮತ್ತು ಕಾನೂನು

ಸಮಗ್ರ ಶಿಕ್ಷಾ ಯೋಜನೆಯ ಅಡಿಯಲ್ಲಿ ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ವಿದ್ಯಾರ್ಥಿನಿಯರಿಗೆ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಾ ಪ್ರಶಿಕ್ಷಣ ಎಂಬ ಹೆಸರಿನಲ್ಲಿ ಮೂರು ತಿಂಗಳ ತರಬೇತಿಗೆ ಅವಕಾಶ ಕಲ್ಪಿಸಲಾಗಿದೆ. ಇಷ್ಟು ಅವಧಿಯಲ್ಲಿ ನಿಲುವು, ಬಿಡಿಸಿಕೊಳ್ಳುವ ವಿಧಾನ ಮತ್ತು ಕೆಲವು ಸರಳ ಹೊಡೆತಗಳನ್ನು ರೂಢಿಸಿಕೊಳ್ಳಬಹುದು.

ಆತ್ಮರಕ್ಷಣೆಯ ಸಂದರ್ಭದಲ್ಲಿ ಎತ್ತರದ ಒದೆತಗಳಿಗಿಂತ ಅಂಗೈಯ ಬುಡ, ಮೊಣಕೈ ಮತ್ತು ಮೊಣಕಾಲಿನ ಹೊಡೆತಗಳು ಹೆಚ್ಚು ಉಪಯುಕ್ತ. ಇವುಗಳಲ್ಲಿ ಬೆರಳು ಮತ್ತು ಮಣಿಕಟ್ಟು ಮುರಿಯುವ ಭಯ ಕಡಿಮೆ. ಹತ್ತಿರದಲ್ಲಿರುವ ಎದುರಾಳಿಗೆ ಸೊಂಟದ ಬಲವನ್ನು ನೇರವಾಗಿ ತಲುಪಿಸಲೂ ಸಾಧ್ಯ. ಚಿತ್ರದುರ್ಗದ ಒನಕೆ ಓಬವ್ವನ ಸಾಹಸವನ್ನು ನಾಡು ಇಂದಿಗೂ ಸ್ಮರಿಸುತ್ತದೆ. 2021ರಿಂದ ನವೆಂಬರ್ 11ರಂದು ಓಬವ್ವ ಜಯಂತಿಯನ್ನು ರಾಜ್ಯದಲ್ಲಿ ಆಚರಿಸಲಾಗುತ್ತಿದೆ. ಆಕೆಯ ಕೈಯಲ್ಲಿದ್ದುದು ದಿನನಿತ್ಯ ಕುಟ್ಟಿ ಪಳಗಿದ ಒನಕೆ. ಆಪತ್ತಿನಲ್ಲಿ ನೆರವಿಗೆ ಬರುವುದು ದೇಹಕ್ಕೆ ಅದಾಗಲೇ ರೂಢಿಯಾಗಿರುವ ಚಲನೆಯೇ ಎಂಬುದನ್ನು ಇದರಿಂದ ಅರಿಯಬಹುದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಪ್ರಕರಣಗಳು ಆತ್ಮರಕ್ಷಣೆಯ ಹಕ್ಕಿಗೆ ಸಂಬಂಧಿಸಿವೆ. 37ನೇ ಪ್ರಕರಣದಂತೆ ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಉಂಟುಮಾಡಲು ಈ ಹಕ್ಕು ಅವಕಾಶ ನೀಡುವುದಿಲ್ಲ. ಹೊಡೆತದ ಉದ್ದೇಶ ಬಿಡಿಸಿಕೊಂಡು ಸುರಕ್ಷಿತ ಸ್ಥಳಕ್ಕೆ ತೆರಳುವುದೇ ಆಗಿರಬೇಕು. ತುರ್ತು ಸಂದರ್ಭದಲ್ಲಿ 112, ಮಹಿಳಾ ಸಹಾಯವಾಣಿ 181 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ತರಬೇತಿ ಕೇಂದ್ರವನ್ನು ಆಯ್ಕೆ ಮಾಡುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

1. ತರಬೇತುದಾರರ ಅರ್ಹತಾ ಪತ್ರ. ಸೋಲ್ ನಗರದಲ್ಲಿ 1972ರಲ್ಲಿ ಸ್ಥಾಪನೆಯಾದ ಕುಕ್ಕಿವನ್ ಸಂಸ್ಥೆಯು ಕಪ್ಪು ಪಟ್ಟಿಯ 'ದಾನ್' ಪ್ರಮಾಣಪತ್ರವನ್ನು ನೀಡುತ್ತದೆ. 15 ವರ್ಷದೊಳಗಿನವರಿಗೆ 'ಪೂಮ್' ಪ್ರಮಾಣಪತ್ರ ನೀಡಲಾಗುತ್ತದೆ.

2. ನೆಲಕ್ಕೆ ಮ್ಯಾಟ್, ರಕ್ಷಾಕವಚಗಳು ಮತ್ತು ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರುವ ಬಗ್ಗೆ.

3. ಮೊದಲ ವಾರಗಳಲ್ಲಿ ನಿಲುವು ಹಾಗೂ ಪಾದ ತಿರುಗಿಸುವುದನ್ನು ಕಲಿಸಲಾಗುತ್ತಿದೆಯೇ, ಅಥವಾ ನೇರವಾಗಿ ಒದೆತ ಮತ್ತು ಹಲಗೆ ಒಡೆಯುವಿಕೆಗೆ ಹಚ್ಚಲಾಗುತ್ತಿದೆಯೇ ಎಂಬ ಬಗ್ಗೆ.

4. ಪೋಷಕರಿಗೆ ತರಗತಿಯನ್ನು ವೀಕ್ಷಿಸಲು ಅವಕಾಶವಿರುವ ಬಗ್ಗೆ.

5. ಪಟ್ಟಿ ಪರೀಕ್ಷೆಯ ಶುಲ್ಕ ಸೇರಿದಂತೆ ಎಲ್ಲ ಶುಲ್ಕಗಳ ವಿವರವನ್ನು ಮುಂಚಿತವಾಗಿ ಲಿಖಿತವಾಗಿ ನೀಡುವ ಬಗ್ಗೆ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸರಿಯಾದ ವಿಧಾನ ಕಲಿತರೆ ದೇಹತೂಕಕ್ಕೆ ಮಹತ್ವವೇ ಇರುವುದಿಲ್ಲವೇ?
ಉತ್ತರ: ಇರುತ್ತದೆ. ಸಮಾನ ಕೌಶಲವಿರುವ ಇಬ್ಬರಲ್ಲಿ ಹೆಚ್ಚು ತೂಕದವರಿಗೆ ಅನುಕೂಲ ಹೆಚ್ಚು. ಸ್ಪರ್ಧೆಗಳಲ್ಲಿ ತೂಕದ ವಿಭಾಗಗಳಿರುವುದು ಇದೇ ಕಾರಣಕ್ಕೆ. ಆದರೆ ಪ್ರತಿಯೊಬ್ಬರೂ ತಮ್ಮ ದೇಹದಲ್ಲಿ ಇರುವ ಬಲವನ್ನು ಈಗಿರುವುದಕ್ಕಿಂತ ಬಹಳ ಉತ್ತಮವಾಗಿ ಬಳಸಲು ಕಲಿಯಬಹುದು.

ಪ್ರಶ್ನೆ: ಹಲಗೆ ಒಡೆಯುವುದು ಬಲದ ಪ್ರಮಾಣವೇ?
ಉತ್ತರ: ಗುರಿ, ವೇಗ ಮತ್ತು ಧೈರ್ಯದ ಪರೀಕ್ಷೆಯಾಗಿ ಅದಕ್ಕೆ ಬೆಲೆಯಿದೆ. ಆದರೆ ಹಲಗೆಯನ್ನು ಮರದ ಎಳೆಯ ನೇರಕ್ಕೆ ಒಡೆಯುವಂತೆ ಹಿಡಿಯಲಾಗುತ್ತದೆ. ಅದು ಅಲುಗಾಡುವುದೂ ಇಲ್ಲ, ಎದುರಿಸುವುದೂ ಇಲ್ಲ. ಅದನ್ನು ಆತ್ಮರಕ್ಷಣೆಯ ಸಾಮರ್ಥ್ಯಕ್ಕೆ ಪುರಾವೆಯೆಂದು ಭಾವಿಸಬಾರದು.

ಪ್ರಶ್ನೆ: ನಡುವಯಸ್ಸಿನ ಮಹಿಳೆಯರು ಸೇರಬಹುದೇ?
ಉತ್ತರ: ಸೇರಬಹುದು. ಮೊಣಕಾಲು ಅಥವಾ ಬೆನ್ನು ನೋವು ಇರುವವರು ಅದನ್ನು ತರಬೇತುದಾರರಿಗೆ ಮೊದಲೇ ತಿಳಿಸಬೇಕು. ಸೊಂಟದ ಎತ್ತರಕ್ಕಿಂತ ಮೇಲೆ ಒದೆಯುವುದು ಅನಿವಾರ್ಯವಲ್ಲ.

ಪ್ರಶ್ನೆ: ಮಗು ಸರಿಯಾಗಿ ಕಲಿಯುತ್ತಿದೆ ಎಂಬುದನ್ನು ಪೋಷಕರು ತಿಳಿಯುವುದು ಹೇಗೆ?
ಉತ್ತರ: ಮಗು ಹೊಡೆಯುವಾಗ ಕೈಯನ್ನು ಬಿಟ್ಟು ಪಾದ ಮತ್ತು ಸೊಂಟವನ್ನು ಗಮನಿಸಬೇಕು. ಪಾದ ಮೊದಲು, ಸೊಂಟ ಅದರ ಹಿಂದೆ, ಕೈ ಕೊನೆಯಲ್ಲಿ ಚಲಿಸುತ್ತಿದ್ದರೆ, ಹೊಡೆತದ ನಂತರವೂ ಮಗು ಓಲಾಡದೆ ನಿಂತಿದ್ದರೆ, ಕಲಿಕೆ ಸರಿಯಾದ ದಾರಿಯಲ್ಲಿದೆ ಎಂದು ತಿಳಿಯಬಹುದು.